ಏಳನೇ ಕಿಕ್ ಆದ ಮೇಲೆ ನಿಲ್ಲಿಸಿದ ಫೈನಲ್

ಫೈನಲ್ ಪಂದ್ಯ ಸಮವಾಗಿ ಮುಗಿದು ಪೆನಾಲ್ಟಿಗೆ ಹೋದರೆ, ಮೊದಲ ಚೆಂಡನ್ನು ಒದೆಯುವ ಮುನ್ನ ರೆಫ್ರಿ ಮಾಡಬೇಕಾದ ಕೆಲಸಗಳು ಆರು. ಆ ಭಾನುವಾರ ಮಧ್ಯಾಹ್ನ ನಾನು ಐದನ್ನು ಅಚ್ಚುಕಟ್ಟಾಗಿ ಮಾಡಿದೆ. ಆರನೆಯದನ್ನೂ ಮಾಡಿದ್ದೇನೆ ಅಂದುಕೊಂಡೆ.

ನಾವು 'ಜರ್ಮನ್ ಕಪ್' ಎನ್ನುವುದು ಜರ್ಮನಿಯಲ್ಲಿ ನಡೆಯುವ ಪಂದ್ಯಾವಳಿಯಲ್ಲ. ಹಿಂದೆ ನ್ಯೂಯಾರ್ಕ್‌ಗೆ ಬಂದು ನೆಲೆಸಿದ ಜರ್ಮನ್ ಬೇಕರಿಯವರು, ಬಡಗಿಗಳು, ಕಸಾಯಿಗಳು ತಮ್ಮ ತಮ್ಮ ಕ್ಲಬ್‌ಗಳ ನಡುವೆ ಶುರು ಮಾಡಿಕೊಂಡ ಫುಟ್‌ಬಾಲ್ ಕಪ್ ಅದು. ಈಗ ಅದರಲ್ಲಿ ಜರ್ಮನ್ನರನ್ನು ಹುಡುಕಬೇಕು. ಆಡುವವರೆಲ್ಲ ನನ್ನ ಹಾಗೆ ಎಲ್ಲಿಂದಲೋ ಬಂದವರು, ಇಲ್ಲವೇ ಅವರ ಮಕ್ಕಳು. ಹೆಸರು ಮಾತ್ರ ಹಾಗೇ ಉಳಿದಿದೆ. ಮೈದಾನದ ಮೂಲೆಯಲ್ಲಿ ಸಾಸೇಜ್ ಸುಡುವ ಒಲೆಯೂ ಉಳಿದಿದೆ.

ವಾರದ ಐದು ದಿನ ನಾನು ನ್ಯೂಜೆರ್ಸಿಯ ಮಾನ್ಮತ್ ಜಂಕ್ಷನ್‌ನ ಒಂದು ಔಷಧ ಕಂಪನಿಯ ಲ್ಯಾಬ್‌ನಲ್ಲಿ ಮಾತ್ರೆಗಳ ಗುಣಮಟ್ಟ ಪರೀಕ್ಷಿಸುತ್ತೇನೆ. ಶನಿವಾರ, ಭಾನುವಾರ ಕಪ್ಪು ಚಡ್ಡಿ ಹಾಕಿಕೊಂಡು ವಿಷಲ್ ಊದುತ್ತೇನೆ. ಮೈಸೂರಿನಲ್ಲಿರುವ ನನ್ನ ಅಕ್ಕ ಇದನ್ನು ಇವತ್ತಿಗೂ 'ನಿನ್ನ ಪಿ.ಟಿ. ಮೇಷ್ಟ್ರ ಕೆಲಸ' ಎನ್ನುತ್ತಾಳೆ. ಎನ್ನಲಿ. ಲ್ಯಾಬ್‌ನಲ್ಲಿ ನನಗೆ ಸಿಗದ ಒಂದು ಸುಖ ಇಲ್ಲಿದೆ: ನಾನು ಊದಿದ ಕೂಡಲೇ ಇಪ್ಪತ್ತೆರಡು ಗಂಡಸರು ನಿಲ್ಲುತ್ತಾರೆ.

ಆ ಫೈನಲ್ ನನಗೆ ಬೇಕೇ ಬೇಕಿತ್ತು. ರೆಫ್ರಿಗಳಿಗೆ ದರ್ಜೆಗಳಿವೆ. ಮೇಲಿನ ದರ್ಜೆಗೆ ಏರಲು ದೊಡ್ಡ ಪಂದ್ಯವೊಂದರಲ್ಲಿ ಅಸೆಸರ್ ಕುಳಿತು ನೋಡಿ, ಒಳ್ಳೆಯ ವರದಿ ಕೊಡಬೇಕು. ನನಗೆ ನಲವತ್ತಮೂರು ದಾಟಿತ್ತು. ಎಡ ಮಂಡಿ ಮೆಟ್ಟಿಲು ಇಳಿಯುವಾಗ ಮಾತಾಡಲು ಶುರು ಮಾಡಿತ್ತು. ಮುಂದಿನ ವರ್ಷದ ಓಟದ ಪರೀಕ್ಷೆ ಅದು ಪಾಸಾದೀತೆಂಬ ಭರವಸೆ ನನಗಿರಲಿಲ್ಲ. ಹಾಗಾಗಿ ಈ ಪಂದ್ಯ ಕೆಟ್ಟರೆ ಮತ್ತೊಂದು ಅವಕಾಶ ಬರುವುದೇ ಅನುಮಾನ. ಅಸೆಸರ್, ತೆಳ್ಳಗಿನ ವಯಸ್ಸಾದ ಹೆಂಗಸು, ಮೈದಾನದ ಬದಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಕುಳಿತಿದ್ದರು.

ನನಗೆ ಇಬ್ಬರು ಸಹಾಯಕ ರೆಫ್ರಿಗಳಿದ್ದರು. ಒಬ್ಬಳು ಎಡಿಸನ್‌ನಲ್ಲಿ ಹುಟ್ಟಿ ಬೆಳೆದ, ಫಾರ್ಮಸಿ ಓದುತ್ತಿದ್ದ ಇಪ್ಪತ್ತಮೂರರ ಹುಡುಗಿ. ಕನ್ನಡ ಕಲಿಸಿದ್ದು ಧಾರವಾಡದ ಅಜ್ಜಿ. ಅದಕ್ಕೇ ಅವಳ ಮಾತು ಅರ್ಧ ಧಾರವಾಡ, ಅರ್ಧ ನ್ಯೂಜೆರ್ಸಿಯ ಟರ್ನ್‌ಪೈಕ್ ಹೆದ್ದಾರಿ. ಇನ್ನೊಬ್ಬರು ಈಕ್ವೆಡಾರ್‌ನಿಂದ ಬಂದು ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ ಸಿಟಿ ಬಸ್ ಓಡಿಸಿ ನಿವೃತ್ತರಾದ ಹಿರಿಯರು. ನಾನು ವಿಷಲ್ ಹಿಡಿಯುವುದಕ್ಕೂ ಮೊದಲಿನಿಂದ ಬಾವುಟ ಹಿಡಿದವರು. ಮಾತು ಕಡಿಮೆ.

ಮೂವರ ಕಿವಿಯಲ್ಲೂ ಇಯರ್‌ಪೀಸ್, ಕೆನ್ನೆಯ ಬಳಿ ಮೈಕ್. ಒಬ್ಬರು ಮಾತಾಡಿದರೆ ಉಳಿದಿಬ್ಬರಿಗೂ ಕೇಳುತ್ತದೆ. ನಾನೂ ಹುಡುಗಿಯೂ ಅದರಲ್ಲಿ ಕನ್ನಡದಲ್ಲೇ ಮಾತಾಡುತ್ತಿದ್ದೆವು. ಆಟಗಾರರಿಗೆ ಅರ್ಥವಾಗಬಾರದು ಎಂಬುದು ನಾವು ಕೊಟ್ಟುಕೊಂಡ ಕಾರಣ. ನಿಜ ಹೇಳಬೇಕೆಂದರೆ ಅದರಲ್ಲಿ ನಮಗೆ ಖುಷಿಯಿತ್ತು.

"ಆಂಟಿ, ಒಂಬತ್ತು ನಂಬರ್ ಬರೇ ನಾಟಕ ಮಾಡಾಕತ್ತಾನ್ರೀ."

"ನೋಡಿದೆ ಕಣೇ. ಬಿದ್ದಿರ್ಲಿ ಬಿಡು, ಅವನಿಗೇ ಬೇಜಾರಾಗಿ ಏಳ್ತಾನೆ."

ಎದ್ದ ಕೂಡ. ನಾವಿಬ್ಬರೂ ನಕ್ಕೆವು. ಆ ನಗುವೂ ಹಿರಿಯರ ಕಿವಿಗೆ ಹೋಗುತ್ತಿತ್ತು ಎಂಬುದು ನನಗೆ ಆಗ ಹೊಳೆಯಲಿಲ್ಲ.

ಕ್ವೀನ್ಸ್‌ನ ಹಳೇ ಜರ್ಮನ್ ಕ್ಲಬ್ ಬಿಳಿ ಅಂಗಿಯಲ್ಲಿ, ನ್ಯೂಜೆರ್ಸಿಯ ತಂಡ ನೀಲಿ ಅಂಗಿಯಲ್ಲಿ ಆಡುತ್ತಿದ್ದವು. ತೊಂಬತ್ತು ನಿಮಿಷ ಮುಗಿದಾಗ ಎರಡು-ಎರಡು. ಮೂವತ್ತು ನಿಮಿಷದ ಹೆಚ್ಚುವರಿ ಆಟದಲ್ಲಿ ಯಾರೂ ಗೋಲು ಹೊಡೆಯಲಿಲ್ಲ. ಕೃತಕ ಹುಲ್ಲಿನ ಮೇಲೆ ಬಿಸಿಲು ಕಾದು ಶೂ ಒಳಗೆ ಕಾಲು ಬೇಯುತ್ತಿತ್ತು. ಆಟ ಮುಗಿಯಲು ಎರಡು ನಿಮಿಷ ಇದ್ದಾಗ ಬಿಳಿ ತಂಡದ ಆರನೇ ನಂಬರಿನ ಡಿಫೆಂಡರ್ ಎದುರಾಳಿ ಮುಟ್ಟದೆಯೇ ಪಾದ ತಿರುಚಿ ಬಿದ್ದ. ಬದಲಿ ಆಟಗಾರರೆಲ್ಲ ಆಗಲೇ ಖರ್ಚಾಗಿದ್ದರು. ಅವನನ್ನು ಎತ್ತಿಕೊಂಡು ಹೋಗಿ ಗೆರೆಯಾಚೆ ಕೂರಿಸಿ ಐಸ್ ಇಟ್ಟರು. ಉಳಿದ ಎರಡು ನಿಮಿಷ ಬಿಳಿ ತಂಡ ಹತ್ತೇ ಜನರಲ್ಲಿ ಆಡಿತು. ನಾನು ಕೊನೆಯ ವಿಷಲ್ ಊದಿದೆ.

ಇನ್ನು ನನ್ನ ಆರು ಕೆಲಸ. ಮೈದಾನದ ಮಧ್ಯದ ವೃತ್ತದಲ್ಲಿ ಆಟಗಾರರನ್ನಷ್ಟೇ ಬಿಟ್ಟು ಬೇರೆಲ್ಲರನ್ನೂ ಆಚೆ ಕಳಿಸಿದೆ. ಯಾವ ಕಡೆಯ ಗೋಲು ಎಂದು ನಾಣ್ಯ ಚಿಮ್ಮಿದೆ. ಯಾರು ಮೊದಲು ಎಂದು ಮತ್ತೊಮ್ಮೆ ಚಿಮ್ಮಿದೆ. ಬಿಳಿ ತಂಡ ಗೆದ್ದು ಮೊದಲು ಹೊಡೆಯುವುದಾಗಿ ಹೇಳಿತು. ಹುಡುಗಿಯನ್ನು ಗೋಲಿನ ಗೆರೆಯ ಬಳಿ, ಹಿರಿಯರನ್ನು ಮಧ್ಯದ ವೃತ್ತದಲ್ಲಿ ನಿಲ್ಲಿಸಿದೆ. ಗೋಲ್‌ಕೀಪರ್‌ಗಳಿಬ್ಬರಿಗೂ ಕಾಲು ಗೆರೆ ಬಿಡಬಾರದೆಂದು ಹೇಳಿದೆ.

ಉಳಿದದ್ದು ತಲೆ ಎಣಿಕೆ. ಎರಡೂ ತಂಡದಲ್ಲಿ ಕಿಕ್ ಹೊಡೆಯುವವರು ಸಮನಾಗಿರಬೇಕು. ಒಂದು ತಂಡದಲ್ಲಿ ಹತ್ತೇ ಜನ ಉಳಿದಿದ್ದರೆ ಇನ್ನೊಂದು ತಂಡ ತನ್ನ ಹನ್ನೊಂದು ಜನರಲ್ಲಿ ಒಬ್ಬನನ್ನು ಕೈಬಿಡಬೇಕು. ಇಲ್ಲದಿದ್ದರೆ, ಎಲ್ಲರ ಸರದಿ ಮುಗಿಯುವ ಹೊತ್ತಿಗೆ ಹತ್ತು ಜನರ ತಂಡದ ಒಳ್ಳೆಯ ಆಟಗಾರ ಎರಡನೇ ಸಲ ಬರುತ್ತಾನೆ. ಎದುರಿನವರು ಮಾತ್ರ ತಮ್ಮಲ್ಲಿ ಎಲ್ಲರಿಗಿಂತ ಕಚ್ಚಾ ಇರುವ ಹನ್ನೊಂದನೆಯವನನ್ನು ಕಳಿಸಬೇಕಾಗುತ್ತದೆ. ಆದರೆ ಗಾಯಗೊಂಡು ಆಚೆ ಕುಳಿತವನು ಬಂದು ಹೊಡೆಯುತ್ತೇನೆ ಎಂದರೆ ಅವನೂ ಲೆಕ್ಕಕ್ಕೆ ಸೇರುತ್ತಾನೆ.

"ಆರು ನಂಬರ್ ಬರ್ತಾನಾ?" ಎಂದು ಮೈಕಿನಲ್ಲಿ ಕೇಳಿದೆ.

"ಬರ್ತಾನ್ರೀ ಆಂಟಿ, ಐಸ್ ಇಟ್ಕೊಂಡು ಕುಂತಾನ. He looked okay. ಆಂಟಿ, ಸೂರ್ಯ ಕಣ್ಣಿಗೇ ಹೊಡೀತಾನ ಇಲ್ಲಿ, ಕೀಪರ್ ಕಾಲು ಹೆಂಗ ನೋಡ್ಲಿ?"

"ಒಂದ್ ಹೆಜ್ಜೆ ಹಿಂದೆ ನಿಂತ್ಕೋ. ಕ್ಯಾಪ್ ಇಲ್ವಾ? ಅಷ್ಟು ಸಾಕು, ಅಲ್ಲೇ ಇರು."

ಹುಡುಗಿ ಸರಿಯಾದ ಜಾಗದಲ್ಲಿ ನಿಂತಳು. ಹೆಬ್ಬೆರಳೆತ್ತಿ ತೋರಿಸಿದೆ. ಕೈಯಲ್ಲಿದ್ದ ಕಾರ್ಡಿನ ಮೇಲೆ 11–11 ಎಂದು ಬರೆದುಕೊಂಡೆ. ಮೊದಲ ಕಿಕ್‌ಗೆ ವಿಷಲ್ ಊದಿದೆ.

ಬಿಳಿಯ ಎರಡನೆಯವನು ಚೆಂಡನ್ನು ಗೋಲಿನ ಮೇಲಿಂದ ಸಾಸೇಜ್ ಒಲೆಯ ಕಡೆಗೆ ಹಾರಿಸಿದ. ನೀಲಿಯ ಮೂರನೆಯವನು ಕಂಬಕ್ಕೆ ಹೊಡೆದ. ಬಿಳಿಯ ನಾಲ್ಕನೆಯವನ ಚೆಂಡನ್ನು ನೀಲಿ ಗೋಲ್‌ಕೀಪರ್ ಹಾರಿ ತಡೆದ, ನೀಲಿಯವರು ಕುಣಿಯತೊಡಗಿದರು. ಹುಡುಗಿಯ ಬಾವುಟ ಮೇಲೆದ್ದಿತ್ತು.

"ಆಂಟಿ, ಎರಡೂ ಕಾಲು ಮುಂದ ಬಂದಿದ್ವು. ಪಕ್ಕಾ."

"ಪಕ್ಕಾನಾ?"

"ಅಜ್ಜಿ ಆಣೆ."

ಕಿಕ್ ಮತ್ತೆ ಹೊಡೆಸಿದೆ. ಈ ಸಲ ಗೋಲಾಯಿತು. ನೀಲಿ ತಂಡದ ಕೋಚ್ ಗೆರೆಯಾಚೆಯಿಂದ ನನ್ನ ಬಗ್ಗೆ ಏನೇನೋ ಹೇಳಿದರು. ಅದರಲ್ಲಿ ಅರ್ಧ ನನಗೆ ಅರ್ಥವಾಗಲಿಲ್ಲ, ಒಳ್ಳೆಯದೇ ಆಯಿತು. ಐದೈದು ಕಿಕ್ ಮುಗಿದಾಗ ನಾಲ್ಕು-ನಾಲ್ಕು. ಅಲ್ಲಿಂದ ಮುಂದೆ ಒಂದೊಂದೇ ಜೋಡಿ. ಒಬ್ಬ ಹೊಡೆದು ಇನ್ನೊಬ್ಬ ತಪ್ಪಿದರೆ ಅಲ್ಲಿಗೆ ಮುಗಿಯಿತು. ಆರನೇ ಜೋಡಿ ಇಬ್ಬರೂ ಹೊಡೆದರು. ಏಳನೆಯದೂ ಹಾಗೇ. ಆರು-ಆರು.

ಯಾರ ಸರದಿ ಉಳಿದಿದೆ ಎಂದು ಕಾರ್ಡ್ ನೋಡಿದೆ. ಬಿಳಿಯಲ್ಲಿ ಹೊಡೆಯದೆ ಉಳಿದ ನಂಬರ್‌ಗಳು ನಾಲ್ಕು. ಅವುಗಳಲ್ಲಿ ಒಂದು ಆರು. ತಲೆಯೆತ್ತಿ ವೃತ್ತದೊಳಗೆ ಆರನೇ ನಂಬರನ್ನು ಹುಡುಕಿದೆ, ಸಿಗಲಿಲ್ಲ. ಅವನು ಐಸ್ ಇಟ್ಟುಕೊಂಡು ಕುಳಿತಿದ್ದ ಜಾಗದಲ್ಲಿ ನೀರಿನ ಬಾಟಲಿಯೊಂದು ಉರುಳಿತ್ತು. ಅದರಾಚೆ ಪಾರ್ಕಿಂಗ್‌ನಲ್ಲಿ, ಪಂದ್ಯಕ್ಕೆಂದು ಕರೆಸಿ ನಿಲ್ಲಿಸಿದ್ದ ಆಂಬುಲೆನ್ಸ್ ಈಗ ಇರಲಿಲ್ಲ.

ಹೆದರಿದೆ ಎಂದು ನೇರವಾಗಿಯೇ ಹೇಳುತ್ತೇನೆ. ಬಿಳಿ ತಂಡ ಹತ್ತು ಜನ. ನೀಲಿ ಹನ್ನೊಂದು. ನಾನು ಸಮ ಮಾಡಿಸಿರಲಿಲ್ಲ. ಏಳು ಜೋಡಿ ಹೊಡೆಸಿಬಿಟ್ಟಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಆ ಕ್ಷಣ ನನ್ನ ತಲೆಗೆ ಮೊದಲು ಬಂದದ್ದು ಒಳ್ಳೆಯ ಯೋಚನೆಯಲ್ಲ. ಸುಮ್ಮನಿರು ಅಂದಿತು ಮನಸ್ಸು. ಮುಂದಿನ ಜೋಡಿಯಲ್ಲಿ ಯಾರಾದರೂ ತಪ್ಪಿದರೆ ಪಂದ್ಯ ಮುಗಿಯುತ್ತದೆ, ಹನ್ನೊಂದನೆಯ ಸರದಿಯವರೆಗೆ ಹೋಗುವುದೇ ಇಲ್ಲ, ಯಾರಿಗೂ ತಿಳಿಯುವುದಿಲ್ಲ. ಬಿಳಿಯ ಎಂಟನೆಯವನು ಆಗಲೇ ಚೆಂಡಿನ ಕಡೆಗೆ ನಡೆದು ಬರುತ್ತಿದ್ದ. ಕುರ್ಚಿಯ ಮೇಲೆ ಅಸೆಸರ್ ಪೆನ್ನು ಬಾಯಲ್ಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು.

ಲ್ಯಾಬ್‌ನಲ್ಲಿ ತಪ್ಪು ಅಂಕಿ ಬರೆದರೆ ಅಳಿಸುವಂತಿಲ್ಲ. ಬಿಳಿ ಬಣ್ಣ ಬಳಿಯುವಂತಿಲ್ಲ, ಹಾಳೆ ಹರಿಯುವಂತಿಲ್ಲ. ತಪ್ಪಿನ ಮೇಲೆ ಒಂದೇ ಒಂದು ಗೆರೆ, ಅದೂ ಕೆಳಗಿನ ಅಂಕಿ ಕಾಣುವ ಹಾಗೆ. ಪಕ್ಕದಲ್ಲಿ ಸರಿಯಾದದ್ದು, ಹೆಸರಿನ ಮೊದಲಕ್ಷರ, ತಾರೀಖು. ಹದಿನೈದು ವರ್ಷ ಮಾಡಿದ ಕೆಲಸ ಕೈಗೆ ಹತ್ತಿರುತ್ತದೆ. ಕೈ ತಾನಾಗಿ ಕಾರ್ಡಿನ ಮೇಲಿನ 11ರ ಮೇಲೆ ಗೆರೆ ಎಳೆಯಿತು. ಎಳೆದ ಮೇಲೆ ಇನ್ನು ಸುಮ್ಮನಿರಲು ಬರುವಂತಿರಲಿಲ್ಲ. ಬಿಳಿಯ ಎಂಟನೆಯವನಿಗೆ ನಿಲ್ಲು ಎಂದು ಕೈ ಮಾಡಿ, ಚೆಂಡನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ಮಧ್ಯದ ವೃತ್ತಕ್ಕೆ ಓಡಿದೆ.

ಮೊದಲು ಹಿರಿಯರ ಬಳಿ ಹೋದೆ. "ಆರನೇ ನಂಬರ್ ಎಲ್ಲಿ?"

"ಹೋದ. ಆಂಬುಲೆನ್ಸ್‌ನಲ್ಲಿ. ನೀನು ನಾಣ್ಯ ಚಿಮ್ಮುವಾಗಲೇ," ಎಂದರು ಅವರು, ತಮ್ಮ ಇಂಗ್ಲಿಷಿನಲ್ಲಿ, ನಿಧಾನವಾಗಿ. "ಮೈಕಿನಲ್ಲಿ ಹೇಳಿದೆನಲ್ಲ. ಬಿಳಿ ಹತ್ತು, ನೀಲಿ ಹನ್ನೊಂದು, ಒಬ್ಬನನ್ನು ತೆಗೆಯಬೇಕಾ ಅಂತ ಕೇಳಿದೆ. ನೀನು ಹೆಬ್ಬೆರಳು ಎತ್ತಿದೆ."

"ಅದು ಅವಳಿಗೆ ತೋರಿಸಿದ್ದು."

"ಹಾಗಾದರೆ ನಿಮ್ಮಿಬ್ಬರ ಮಾತಿನ ನಡುವೆ ನನ್ನದು ಕೇಳಿಸಲೇ ಇಲ್ಲ."

"ಇನ್ನೊಂದು ಸಲ ಯಾಕೆ ಹೇಳಲಿಲ್ಲ?"

ಅವರು ಜೇಬಿನಿಂದ ಇಯರ್‌ಪೀಸ್ ತೆಗೆದು ಅಂಗೈಯಲ್ಲಿಟ್ಟು ತೋರಿಸಿದರು. "ಎರಡು ಗಂಟೆ ಕಾಲ ನೀವಿಬ್ಬರೂ ನಿಮ್ಮ ಭಾಷೆಯಲ್ಲಿ ಮಾತಾಡಿದಿರಿ, ನಕ್ಕಿರಿ. ನನಗೆ ಅದರಲ್ಲಿ ಕೆಲಸ ಇರಲಿಲ್ಲ. ಆ ಒಂದು ಮಾತು ಹೇಳಿದ ಮೇಲೆ ತೆಗೆದಿಟ್ಟೆ."

ಮೂವರ ತಂಡ ಎಂದುಕೊಂಡು ನಾನು ಇಬ್ಬರ ಮನೆ ನಡೆಸಿದ್ದೆ. ನಾಚಿಕೆಯಾಯಿತು, ಬಿಸಿಲಿಗಿಂತ ಹೆಚ್ಚಾಗಿ ಅದೇ ಮುಖ ಸುಟ್ಟಿತು. ಆದರೆ ನಾಚಿಕೆಗೆ ಸಮಯ ಇರಲಿಲ್ಲ. ನಾಯಕರಿಬ್ಬರನ್ನೂ ಕರೆದೆ.

"ತಪ್ಪು ನನ್ನದು. ಬಿಳಿ ತಂಡ ಹತ್ತು ಜನ ಇದ್ದೀರಿ. ಶುರುವಿನಲ್ಲೇ ನೀಲಿ ತಂಡದಿಂದ ಒಬ್ಬರನ್ನು ಬಿಡಿಸಬೇಕಿತ್ತು, ಬಿಡಿಸಲಿಲ್ಲ. ಈಗ ಬಿಡಿಸುತ್ತೇನೆ."

ಬಿಳಿಯ ನಾಯಕ ಸಿಡುಕಿದ. "ಏಳು ಕಿಕ್ ಆದ ಮೇಲೆ ನಿಯಮ ಬದಲಾಯಿಸ್ತೀರಾ?"

"ನಿಯಮ ಬದಲಾಗಿಲ್ಲ. ನಾನು ಅದನ್ನು ತಡವಾಗಿ ಪಾಲಿಸುತ್ತಿದ್ದೇನೆ. ಕಿಕ್‌ಗಳು ನಡೆಯುತ್ತಿರುವಾಗಲೂ ಸಂಖ್ಯೆ ಸಮ ಮಾಡಬೇಕು ಎಂದು ನಿಯಮದಲ್ಲೇ ಇದೆ."

ಅಷ್ಟರಲ್ಲಿ ನೀಲಿಯ ಕೋಚ್ ಗೆರೆಯ ತುದಿಯವರೆಗೂ ಬಂದು ಕೂಗಿದರು. ಅವರು ಕೂಗಿದ್ದರಲ್ಲಿ ನ್ಯಾಯವಿತ್ತು. "ಮೊದಲೇ ಕೇಳಿದ್ದರೆ ಮೂರನೆಯವನನ್ನು ಬಿಡುತ್ತಿದ್ದೆ! ಕಂಬಕ್ಕೆ ಹೊಡೆದನಲ್ಲ, ಅವನನ್ನು! ಅವನು ಅಭ್ಯಾಸದಲ್ಲೂ ಹೊಡೆಯುವುದಿಲ್ಲ!"

ಕಂಬಕ್ಕೆ ಹೊಡೆದವನು ಅಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ಆ ನಷ್ಟವನ್ನು ನಾನು ತುಂಬಿಕೊಡುವ ದಾರಿ ಇರಲಿಲ್ಲ. ಹೊಡೆದಾದವನನ್ನು ಈಗ ಇಲ್ಲ ಎನ್ನಲು ಬರುವುದಿಲ್ಲ, ಇನ್ನೂ ಹೊಡೆಯದ ನಾಲ್ವರಲ್ಲಿ ಒಬ್ಬರನ್ನು ಬಿಡಬೇಕು ಎಂದು ತೀರ್ಪು ಕೊಟ್ಟೆ. ನೀವು ದೂರು ಕೊಡಬಹುದು, ಅದು ನಿಮ್ಮ ಹಕ್ಕು, ನಾನು ತಪ್ಪು ಮಾಡಿದ್ದೇನೆಂದು ವರದಿಯಲ್ಲಿ ಬರೆಯುತ್ತೇನೆ ಎಂದೂ ಹೇಳಿದೆ. ನೀಲಿ ಸೋತು ದೂರು ಕೊಟ್ಟರೆ ಈ ಫೈನಲ್ ರದ್ದಾಗಬಹುದು. ಎರಡು ತಂಡಗಳ ಇಡೀ ಮಧ್ಯಾಹ್ನವನ್ನು ನಾನು ನೀರಿಗೆ ಹಾಕಿದಂತೆ. ಅದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಾಯಿತು.

ನೀಲಿಯ ನಾಯಕ ನರೆತ ಗಡ್ಡದ, ನಲವತ್ತರ ಹತ್ತಿರದ ಆಸಾಮಿ. ಉಳಿದ ನಾಲ್ವರಲ್ಲಿ ಅವನೂ ಒಬ್ಬ. ತನ್ನ ಹುಡುಗರ ಮುಖ ಒಂದೊಂದಾಗಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, "ನನ್ನ ನಂಬರ್ ಬರೆದುಕೋ," ಎಂದ.

"ನಿಮ್ಮದಾ?"

"ನನ್ನ ಸರದಿ ಕೊನೆಗೆ ಇಟ್ಟುಕೊಂಡಿದ್ದೇ ಯಾರೂ ನನಗೆ ಕಿಕ್ ಹೊಡೆ ಎನ್ನಬಾರದು ಅಂತ." ನಕ್ಕ. ಕೋಚ್‌ನ ಕಡೆ ಕೈಯೆತ್ತಿ ಸಾಕು ಎಂದು ಸನ್ನೆ ಮಾಡಿದ. ಹೋಗುವ ಮುನ್ನ ಕಂಬಕ್ಕೆ ಹೊಡೆದವನ ತಲೆಯ ಮೇಲೆ ಒಂದು ಮೊಟಕಿ, ಗೆರೆಯಾಚೆ ನಡೆದ.

ಅವನ ನಂಬರ್ ಬರೆದುಕೊಂಡು ಹಿರಿಯರ ಕಡೆ ತಿರುಗಿದೆ. "ದಯವಿಟ್ಟು ಅದನ್ನು ಕಿವಿಗೆ ಹಾಕಿಕೊಳ್ಳಿ. ಇನ್ನು ಮುಂದೆ ನಿಮಗೆ ಅರ್ಥವಾಗದ್ದು ಯಾವುದೂ ಅದರಲ್ಲಿ ಬರುವುದಿಲ್ಲ." ಅವರು ಒಂದು ಕ್ಷಣ ನೋಡಿ, ಅಂಗಿಗೆ ಒರೆಸಿ ಹಾಕಿಕೊಂಡರು. ನಾನು ಗೋಲಿನ ಕಡೆ ಓಡುತ್ತ ಮೈಕಿನಲ್ಲಿ ಇಂಗ್ಲಿಷಿನಲ್ಲಿ ಹೇಳಿದೆ: ಬಿಳಿ ಹತ್ತು, ನೀಲಿ ಹತ್ತು, ಸರಿಯೇ?

"ಹತ್ತು, ಹತ್ತು. ಸರಿ," ಎಂದಿತು ಹಿರಿಯರ ಧ್ವನಿ.

"Ten and ten, ref," ಎಂದಳು ಹುಡುಗಿ. ಆಂಟಿ ಬಿಟ್ಟು ಅವಳು ನನ್ನನ್ನು ರೆಫ್ ಎಂದದ್ದು ಅದೇ ಮೊದಲು.

ಎಂಟನೇ ಜೋಡಿ ಇಬ್ಬರೂ ಹೊಡೆದರು. ಒಂಬತ್ತನೆಯದಕ್ಕೆ ಬಿಳಿಯ ಗೋಲ್‌ಕೀಪರ್ ತಾನೇ ಬಂದ. ಚೆಂಡು ನೇರವಾಗಿ ಎದುರಿನ ಗೋಲ್‌ಕೀಪರ್‌ನ ಎದೆಗೆ ಬಡಿಯಿತು. ನಾನು ಹುಡುಗಿಯ ಕಡೆ ನೋಡಿದೆ. ಬಾವುಟ ಕೆಳಗೇ ಇತ್ತು. ನೀಲಿಯವನು ಬಂದ, ಚೆಂಡಿಟ್ಟ, ನನ್ನ ವಿಷಲ್‌ಗೆ ಕಾದ, ಎಡಮೂಲೆಗೆ ಹೊಡೆದ. ಗೆರೆಯಾಚೆ ನಿಂತಿದ್ದ ನಾಯಕ ಎಲ್ಲರಿಗಿಂತ ಮೊದಲು ಓಡಿಬಂದ. ಅವನು ಓಡಿದ್ದು ಗೋಲು ಹೊಡೆದವನ ಬಳಿಗಲ್ಲ, ಕಂಬಕ್ಕೆ ಹೊಡೆದವನ ಬಳಿಗೆ.

ಯಾರ ಹಕ್ಕನ್ನು ನಾನು ತಪ್ಪಿಸಿದ್ದೆನೋ ಅವರೇ ಗೆದ್ದರು. ದೂರು ಬರಲಿಲ್ಲ. ಬಿಳಿಯ ನಾಯಕ ಮುಖ ಗಂಟಿಕ್ಕಿಕೊಂಡೇ ಬಂದು ಕೈ ಕುಲುಕಿ, "ಹೇಳಿದ್ದು ಒಳ್ಳೆಯದಾಯ್ತು," ಎಂದು ಹೋದ. ಇದರಲ್ಲಿ ನನ್ನ ಜಾಣತನ ಏನೂ ಇಲ್ಲ, ಅದೃಷ್ಟ ಕೈ ಹಿಡಿಯಿತು ಅಷ್ಟೇ.

ರೆಫ್ರಿಗಳ ಕೋಣೆ ಎಂದರೆ ಮೈದಾನದ ಹಿಂದಿನ ಒಂದು ಸಣ್ಣ ಶೆಡ್, ಮೂರು ಪ್ಲಾಸ್ಟಿಕ್ ಕುರ್ಚಿ, ಒಂದು ಮೇಜು. ಅಸೆಸರ್ ಬಾಗಿಲಲ್ಲೇ ನಿಂತು ಹೇಳಿದರು: "ನಿಲ್ಲಿಸಿದ್ದನ್ನು ನೋಡಿದೆ. ಯಾಕೆ ನಿಲ್ಲಿಸಬೇಕಾಗಿ ಬಂತು ಅನ್ನುವುದನ್ನು ವರದಿಯಲ್ಲಿ ಬರಿ. ಮೂವರ ಸಹಿ ಇರಲಿ. ನಾನು ಹೊರಗೆ ಕಾಯುತ್ತೇನೆ."

ಹಿರಿಯರು ಮೂಲೆಯಲ್ಲಿ ಬಾವುಟ ಸುತ್ತುತ್ತಿದ್ದರು. ಹುಡುಗಿ ನನ್ನ ಪಕ್ಕ ಕುಳಿತು ಮೆಲ್ಲಗೆ, "ಆಂಟಿ, just write communication failure ಅಂತ. ಸುಳ್ಳೇನಲ್ಲಲ್ರೀ ಅದು. ಹೆಡ್‌ಸೆಟ್ ಪ್ರಾಬ್ಲಮ್ ಅಂತ ತಿಳ್ಕೋತಾರ, ಮುಗೀತು," ಎಂದಳು.

"ಇಂಗ್ಲಿಷಲ್ಲಿ ಹೇಳು," ಎಂದೆ.

ಅವಳು ಹಿರಿಯರ ಕಡೆ ನೋಡಿ ಕೆಂಪಾದಳು. ಇಂಗ್ಲಿಷಿನಲ್ಲಿ ಅದನ್ನು ಹೇಳಲಿಲ್ಲ.

ಹೆಡ್‌ಸೆಟ್‌ಗೆ ಏನೂ ಆಗಿರಲಿಲ್ಲ. ನಾನು ಬರೆದೆ: 'ಪಂದ್ಯದುದ್ದಕ್ಕೂ ನಾನು ಒಬ್ಬ ಸಹಾಯಕರ ಜೊತೆ, ಇನ್ನೊಬ್ಬ ಸಹಾಯಕರಿಗೆ ಗೊತ್ತಿಲ್ಲದ ಭಾಷೆಯಲ್ಲಿ ಮಾತಾಡಿದೆ. ಹಾಗಾಗಿ ಆಟಗಾರ ಹೊರಟುಹೋದನೆಂದು ಅವರು ತಿಳಿಸಿದ್ದು ನನಗೆ ಕೇಳಿಸಲಿಲ್ಲ. ನಾನು ಎಣಿಸಿಯೂ ನೋಡಲಿಲ್ಲ. ತಪ್ಪು ನನ್ನದು.' ಇದನ್ನು ಬರೆದರೆ ಮೇಲಿನ ದರ್ಜೆ ಆ ವರ್ಷ ಕೈತಪ್ಪುತ್ತದೆಂದು ಗೊತ್ತಿತ್ತು. ಕೈತಪ್ಪಿತು. ಈ ವಸಂತಕ್ಕೆ ಮತ್ತೆ ಅರ್ಜಿ ಹಾಕಿದ್ದೇನೆ, ಮಂಡಿಗೆ ದಿನಾ ಎಣ್ಣೆ ಹಚ್ಚುತ್ತಿದ್ದೇನೆ.

ಹಾಳೆಯನ್ನು ಸಹಿಗೆಂದು ಹಿರಿಯರ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದರು. ಮತ್ತೊಮ್ಮೆ ಓದಿದರು. ಪೆನ್ನು ಕೇಳಿದರು. ಸಹಿ ಮಾಡಲಿಲ್ಲ, ನನ್ನ ಬರಹದ ಕೆಳಗೆ ದಪ್ಪ ಅಕ್ಷರದಲ್ಲಿ, ಮೇಜಿಗೆ ಬಗ್ಗಿ, ಬಹಳ ಹೊತ್ತು ಬರೆದರು. ಆಮೇಲೆ ಹಾಳೆ ನನ್ನ ಕಡೆ ತಿರುಗಿಸಿದರು.

'ಒಂದು ಸಲ ಹೇಳಿದೆ, ಮಾತಿನಲ್ಲಿ ಉತ್ತರ ಬರಲಿಲ್ಲ. ಹೆಬ್ಬೆರಳು ಎತ್ತಿದ್ದು ನನಗೇ ಎಂಬ ಖಾತ್ರಿ ಇರಲಿಲ್ಲ. ಇಯರ್‌ಪೀಸ್ ತೆಗೆದು ಜೇಬಿಗೆ ಹಾಕಿದೆ. ಹತ್ತೇ ಜನ ಇದ್ದಾರೆಂದು ಗೊತ್ತಿತ್ತು. ನಲವತ್ತು ಹೆಜ್ಜೆ ನಡೆದು ಹೋಗಿ ಹೇಳಬಹುದಿತ್ತು. ಸಿಟ್ಟಿನಲ್ಲಿದ್ದೆ, ಹೋಗಲಿಲ್ಲ.' ಅದರ ಕೆಳಗೆ ಅವರ ಸಹಿ.

ಅವರು ಕನ್ನಡಕ ಮಡಚಿ ಜೇಬಿಗಿಟ್ಟು, ನನಗೆ ನೀರಿನ ಬಾಟಲಿ ಮುಂದೆ ಮಾಡಿದರು. ಹುಡುಗಿ ಹಾಳೆಯನ್ನು ಎಳೆದುಕೊಂಡು ಓದಿದಳು. ತುಟಿ ಕಚ್ಚಿಕೊಂಡಳು. ಆಮೇಲೆ ಹಿರಿಯರಿಗೂ ತಿಳಿಯಲಿ ಎಂದು, ಇಂಗ್ಲಿಷಿನಲ್ಲೇ, ಗಟ್ಟಿಯಾಗಿ ಹೇಳಿದಳು:

"ಪೆನ್ನು ಇಲ್ಲಿ ಕೊಡಿ. ಆರನೇ ನಂಬರ್ ಬರುತ್ತಾನೆ ಅಂದವಳು ನಾನು. ನಾನು ಆ ಕಡೆ ತಿರುಗಿಯೂ ನೋಡಿರಲಿಲ್ಲ."